ಕರೆಂಟು ಕಟ್ಟೆ: ಎಲ್ಲಾ ಆಫ್ ಮಾಡಿದರೂ ಮಿಣುಕುವ ಕೆಂಪು ದೀಪ

ಈ ಸಲ ಬಂದ ಪತ್ರಗಳಲ್ಲಿ ಅರ್ಧ ಸೆಕೆಯ ಬಗ್ಗೆ, ಇನ್ನರ್ಧ ಬಿಲ್ಲಿನ ಬಗ್ಗೆ. ಎರಡೂ ಒಂದೇ ಕಂಬದ ತಂತಿಗಳು. ಹಾಗಾಗಿ ಒಟ್ಟಿಗೇ ತಗೊಂಡಿದ್ದೇನೆ. ಹೊಸದಾಗಿ ಓದುವವರಿಗೆ ನನ್ನ ಪರಿಚಯ: ಲೈನ್‌ಮ್ಯಾನ್ ಆಗಿ ಕೆಲಸಕ್ಕೆ ಸೇರಿ, 34 ವರ್ಷ ಕಂಬ ಹತ್ತಿ, ಮೀಟರ್ ನೋಡಿ, ಕರೆಂಟು ಹೋದಾಗಲೆಲ್ಲ ಊರವರ ಬೈಗುಳ ತಿಂದು, ಜೂನಿಯರ್ ಇಂಜಿನಿಯರ್ ಆಗಿ ನಿವೃತ್ತನಾದವನು. ಈಗ ಸಾಗರದಲ್ಲಿ ಮನೆ. ನಾನು ವಿಜ್ಞಾನಿ ಅಲ್ಲ. ಆದರೆ ಮೀಟರ್ ಮುಂದೆ ಸುಳ್ಳು ನಡೆಯಲ್ಲ ಅನ್ನುವುದು ಮಾತ್ರ ಗೊತ್ತು.

ಪ್ರಶ್ನೆ: ಸರ್, ವರ್ಷವೆಲ್ಲ ನಮಗೆ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ಲು. ಏಪ್ರಿಲ್ ಬಂತೆಂದರೆ 200 ಯೂನಿಟ್ ದಾಟಿ ಪೂರ್ತಿ ದುಡ್ಡು ಕಟ್ಟಬೇಕಾಗುತ್ತದೆ. ಲೈಟು ಆರಿಸಿ ಅಂತ ಮಕ್ಕಳ ಹತ್ತಿರ ಜಗಳ ಆಡಿದ್ದೇ ಬಂತು. ಮನೆಯಲ್ಲಿ ಎಸಿ ಇಲ್ಲ. ಮೂರು ಫ್ಯಾನು, ಫ್ರಿಜ್ಜು, ಟಿವಿ, ಗೀಸರ್, ಇನ್ವರ್ಟರ್ ಅಷ್ಟೇ. ಎಲ್ಲಿಗೆ ಹೋಗುತ್ತಿದೆ ಕರೆಂಟು? — ಗೃಹಿಣಿ, ದಾವಣಗೆರೆ

ಉತ್ತರ: ಅಮ್ಮಾ, ಮೊದಲು ಮಕ್ಕಳನ್ನು ಬಿಟ್ಟುಬಿಡಿ. 9 ವಾಟಿನ ನಾಲ್ಕು ಎಲ್‌ಇಡಿ ಬಲ್ಬು ದಿನಕ್ಕೆ ಐದು ಗಂಟೆ ಉರಿದರೂ ತಿಂಗಳಿಗೆ ಐದೂವರೆ ಯೂನಿಟ್ ಆಗುವುದಿಲ್ಲ. 60 ವಾಟಿನ ಬುರುಡೆ ಬಲ್ಬಿನ ಕಾಲದಲ್ಲಿ ಅಪ್ಪಂದಿರು ಬೈಯುತ್ತಿದ್ದುದರಲ್ಲಿ ಅರ್ಥವಿತ್ತು. ಬಲ್ಬು ಬದಲಾಯಿತು, ಬೈಗುಳ ಬದಲಾಗಲಿಲ್ಲ.

ನಿಮ್ಮ ಕಳ್ಳ ತಲೆಯ ಮೇಲೇ ತಿರುಗುತ್ತಿದ್ದಾನೆ. ಹಳೇ ಫ್ಯಾನು ಸುಮಾರು 75 ವಾಟ್. ದಾವಣಗೆರೆಯ ಬೇಸಿಗೆಯಲ್ಲಿ ದಿನಕ್ಕೆ 16 ಗಂಟೆ ತಿರುಗುತ್ತದೆ ಅಂತಿಟ್ಟುಕೊಳ್ಳಿ. ಮೂರು ಫ್ಯಾನಿಗೆ ದಿನಕ್ಕೆ 3.6 ಯೂನಿಟ್, ತಿಂಗಳಿಗೆ 108. ನಿಮ್ಮ 200ರಲ್ಲಿ ಅರ್ಧಕ್ಕಿಂತ ಜಾಸ್ತಿ ಇಲ್ಲೇ ಹೋಯಿತು. ಈಗ ಬಿಎಲ್‌ಡಿಸಿ ಅನ್ನುವ ಫ್ಯಾನು ಬಂದಿದೆ. ಅಷ್ಟೇ ಗಾಳಿಗೆ 30 ವಾಟಿನ ಆಸುಪಾಸು ಸಾಕು. ಮೂರನ್ನೂ ಬದಲಾಯಿಸಿದರೆ 108 ಇದ್ದದ್ದು 43ಕ್ಕೆ ಇಳಿಯುತ್ತದೆ. ಒಟ್ಟಿಗೆ ಮೂರು ಕೊಳ್ಳುವುದು ಕಷ್ಟವಾದರೆ ಎಲ್ಲರೂ ಮಲಗುವ ಕೋಣೆಯದನ್ನು ಮೊದಲು ಬದಲಾಯಿಸಿ. ಇನ್ನೊಂದು ಮಾತು. ಗೋಡೆಯಲ್ಲಿ ಹಳೇ ಕಾಲದ ದಪ್ಪ ಡಬ್ಬಿ ರೆಗ್ಯುಲೇಟರ್ ಇದೆಯಾ? ಫ್ಯಾನು ನಿಧಾನ ಮಾಡಿದಾಗ ಅದರ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿರುತ್ತದೆ. ಉಳಿಯಿತು ಅಂದುಕೊಂಡ ಕರೆಂಟು ಅಲ್ಲಿ ಬಿಸಿಯಾಗಿ ಹೋಗುತ್ತಿರುತ್ತದೆ.

ಫ್ರಿಜ್ಜಿನ ಬಾಗಿಲಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಮುಚ್ಚಿ. ಎಳೆದರೆ ಸುಲಭವಾಗಿ ಬಂದರೆ ಬಾಗಿಲ ರಬ್ಬರ್ ಸೋತಿದೆ, ತಂಪು ಸೋರುತ್ತಿದೆ ಅಂತ. ರಬ್ಬರ್ ಮಾತ್ರ ಬದಲಾಯಿಸಬಹುದು. ಹೊಸ ಫ್ರಿಜ್ಜು ತಗೊಳ್ಳಿ ಅಂತ ಅಂಗಡಿಯವನು ಹೇಳಿಯೇ ಹೇಳುತ್ತಾನೆ. ಇನ್ನು ಏಪ್ರಿಲ್‌ನಲ್ಲಿ ದಾವಣಗೆರೆಯಲ್ಲಿ ಗೀಸರ್ ಯಾಕಮ್ಮಾ? ಮಾಳಿಗೆ ಮೇಲಿನ ಟ್ಯಾಂಕಿನ ನೀರೇ ಮೈ ಸುಡುವಷ್ಟು ಕಾದಿರುತ್ತದೆ.

ಇನ್ವರ್ಟರ್ ಅಂದಿರಲ್ಲ, ಅದಕ್ಕೆ ನನ್ನ ಮನೆಯದೇ ಒಂದು ಕಥೆ ಇದೆ. ಹೋದ ನವರಾತ್ರಿಗೆ ಎಂಟು ದಿನ ಮಗಳ ಮನೆಗೆ ಹೋಗಿದ್ದೆವು. ಹೊರಡುವ ಮುಂಚೆ ಫ್ರಿಜ್ ಖಾಲಿ ಮಾಡಿ ಪ್ಲಗ್ ಕಿತ್ತಿದ್ದೆ. ಎಲ್ಲಾ ಸ್ವಿಚ್ ಆರಿಸಿದ್ದೆ. ಹಳೇ ಚಟ ನೋಡಿ, ಮೀಟರ್ ರೀಡಿಂಗ್ ಕ್ಯಾಲೆಂಡರಿನ ಮೇಲೆ ಬರೆದಿದ್ದೆ. ಬಂದು ನೋಡಿದರೆ 12 ಯೂನಿಟ್ ಖರ್ಚಾಗಿದೆ! ಬೀಗ ಹಾಕಿದ ಮನೆಯಲ್ಲಿ ಯಾರು ತಿಂದರು?

ಮೀಟರಿನಲ್ಲಿ ಒಂದು ಸಣ್ಣ ಕೆಂಪು ದೀಪ ಮಿಣುಕುತ್ತಿರುತ್ತದೆ, ನೋಡಿರುತ್ತೀರಿ. ಸುಮ್ನೆ ಅಲಂಕಾರಕ್ಕಲ್ಲ ಅದು. ನನ್ನ ಮೀಟರಿನ ಮುಖದ ಮೇಲೆ 3200 ಅಂತ ಅಚ್ಚಾಗಿದೆ. 3200 ಸಲ ಮಿಣುಕಿದರೆ ಒಂದು ಯೂನಿಟ್. ಒಂದು ಮಿಣುಕಿನಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡ್ ಅಂತ ಎಣಿಸಿ, 1125ನ್ನು ಅದರಿಂದ ಭಾಗಿಸಿದರೆ ಆ ಕ್ಷಣಕ್ಕೆ ಮನೆ ಎಷ್ಟು ವಾಟ್ ಎಳೆಯುತ್ತಿದೆ ಅಂತ ಸಿಗುತ್ತದೆ. ನಿಮ್ಮದರಲ್ಲಿ 1600 ಇದ್ದರೆ 2250ರಿಂದ ಲೆಕ್ಕ ಹಾಕಿ. ಅವತ್ತು ರಾತ್ರಿ, ಫ್ರಿಜ್ ಹಾಕುವ ಮುಂಚೆ, ಎಲ್ಲಾ ಸ್ವಿಚ್ ಆರಿಸಿ ಸ್ಟೂಲ್ ಹಾಕಿಕೊಂಡು ಮೀಟರ್ ಮುಂದೆ ಕೂತೆ. 18 ಸೆಕೆಂಡಿಗೆ ಒಂದು ಮಿಣುಕು. ಅಂದರೆ 62 ವಾಟ್. ನನ್ನಾಕೆ ಒಳಗಿನಿಂದ ಒಂದೊಂದೇ ಪ್ಲಗ್ ಕೀಳುತ್ತಾ ಬಂದಳು. ಟಿವಿ ಕೆಳಗಿನ ಸೆಟ್‌ಟಾಪ್ ಬಾಕ್ಸ್ ಕಿತ್ತಾಗ 22 ಸೆಕೆಂಡ್ ಆಯಿತು. ರಿಮೋಟಿನಲ್ಲಿ ಆರಿಸಿದರೆ ಅದು ಕಣ್ಣು ಮುಚ್ಚುತ್ತದೆ, ನಿದ್ದೆ ಮಾಡಲ್ಲ. ವೈಫೈ ಡಬ್ಬಿ ಕಿತ್ತಾಗ 28. ಕೊನೆಗೆ ಇನ್ವರ್ಟರ್ ಕಿತ್ತಳು. ದೀಪ ನಿಂತೇ ಹೋಯಿತು. ಆರು ವರ್ಷದ ಮುದಿ ಬ್ಯಾಟರಿ ಎಷ್ಟು ಕುಡಿದರೂ ತುಂಬುತ್ತಿರಲಿಲ್ಲ. ಇಡೀ ದಿನ 40 ವಾಟ್ ಹೀರುತ್ತಾ ಕೂತಿತ್ತು.

62 ವಾಟ್ ತಿಂಗಳಿಡೀ ಎಳೆದರೆ 45 ಯೂನಿಟ್. ಊರಿಗೆಲ್ಲ ಲೆಕ್ಕ ಹೇಳಿದವನ ಮನೆಯ ಲೆಕ್ಕ ಇದು! ಇವತ್ತು ರಾತ್ರಿ ನೀವೂ ಒಂದು ಸ್ಟೂಲ್ ಹಾಕಿ ಕೂರಿ. ಮಕ್ಕಳನ್ನೂ ಕೂರಿಸಿಕೊಳ್ಳಿ. ಸೆಕೆಂಡ್ ಎಣಿಸುವುದರಲ್ಲಿ ಅವರೇ ಚುರುಕು.

ಪ್ರಶ್ನೆ: ಓಝೋನ್ ಪದರದಲ್ಲಿ ತೂತಾಗಿರುವುದರಿಂದ ಬಿಸಿಲು ಜಾಸ್ತಿ ಒಳಗೆ ಬಂದು ಭೂಮಿ ಬಿಸಿಯಾಗುತ್ತಿದೆ ಎಂದು ಗೈಡಿನಲ್ಲಿದೆ. ಸರಿಯಾ ಸರ್? ಪ್ರಬಂಧ ಸ್ಪರ್ಧೆಗೆ ಬರೆಯಬೇಕು. — ವಿದ್ಯಾರ್ಥಿನಿ, ಹೊಸದುರ್ಗ

ಉತ್ತರ: ತಪ್ಪು ಮಗಳೇ. ಗೈಡನ್ನು ಮುಚ್ಚಿಡು. ಓಝೋನ್ ಪದರ ತಡೆಯುವುದು ಚರ್ಮ ಸುಡುವ ನೇರಳಾತೀತ ಕಿರಣವನ್ನು. ಅದು ಬೇರೆ ಜಗಳ. ಆ ಪದರವನ್ನು ಕೊರೆಯುವ ಅನಿಲಗಳನ್ನು ನಿಲ್ಲಿಸಲು 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಆಯಿತು. ದೇಶಗಳು ಮಾತು ಕೇಳಿದವು. ಪದರ ನಿಧಾನಕ್ಕೆ ಸರಿಹೋಗುತ್ತಿದೆ.

ಭೂಮಿ ಬಿಸಿಯಾಗುತ್ತಿರುವುದು ಬಿಸಿಲು ಜಾಸ್ತಿ ಒಳಗೆ ಬಂದದ್ದಕ್ಕಲ್ಲ, ಬಂದ ಬಿಸಿ ಹೊರಗೆ ಹೋಗಲಾರದ್ದಕ್ಕೆ. ಮಾಘದ ಚಳಿಯಲ್ಲಿ ಆಕಾಶ ತೊಳೆದಿಟ್ಟ ಹಾಗಿರುತ್ತದೆ. ಹಗಲು ಕಾದ ನೆಲ ರಾತ್ರಿ ಬಿಸಿಯನ್ನೆಲ್ಲ ಮೇಲಕ್ಕೆ ಬಿಟ್ಟು ಬೆಳಗಿನ ಹೊತ್ತಿಗೆ ತಣ್ಣಗಾಗಿ ಇಬ್ಬನಿ ಕೂರುತ್ತದೆ. ಅದೇ ಮೋಡ ಕವಿದ ರಾತ್ರಿ? ಮೈಯೆಲ್ಲ ಬೆವರು. ಮೋಡ ನೆಲದ ಬಿಸಿಯನ್ನು ಹಿಡಿದಿಟ್ಟಿರುತ್ತದೆ. ಕಾರ್ಬನ್ ಡೈಆಕ್ಸೈಡ್ ಕೂಡ ಹೀಗೇ ಬಿಸಿಯನ್ನು ತಡೆಯುತ್ತದೆ. ಆದರೆ ಕಣ್ಣಿಗೆ ಕಾಣಲ್ಲ, ಮೋಡದ ಹಾಗೆ ಚದುರಿ ಹೋಗಲ್ಲ. ಮೇಲೆ ಹೋದದ್ದರಲ್ಲಿ ಒಂದು ಪಾಲು ನೂರಾರು ವರ್ಷ ಅಲ್ಲೇ ಇರುತ್ತದೆ.

ಇದು ಹೊಸ ಸುದ್ದಿಯೂ ಅಲ್ಲ. 1856ರಲ್ಲಿ ಯೂನಿಸ್ ಫೂಟ್ ಎಂಬ ಅಮೆರಿಕದ ಹೆಣ್ಣುಮಗಳು ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ ಬಿಸಿಲಿಗಿಟ್ಟಳು. ಕಾರ್ಬನ್ ಡೈಆಕ್ಸೈಡ್ ಇದ್ದ ಕೊಳವೆ ಎಲ್ಲಕ್ಕಿಂತ ಹೆಚ್ಚು ಕಾಯಿತು, ಆರಲು ಬಹಳ ಹೊತ್ತು ಹಿಡಿಯಿತು. ಅದನ್ನು ಪ್ರಬಂಧದಲ್ಲಿ ಬರಿ, ಬೇರೆ ಯಾರೂ ಬರೆದಿರಲ್ಲ. ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ 1958ರಲ್ಲಿ ಅಳೆಯಲು ಶುರು ಮಾಡಿದಾಗ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಈ ಅನಿಲ 315 ಪಾಲು ಇತ್ತು. ಈಗ 420 ದಾಟಿದೆ. ಕಲ್ಲಿದ್ದಲು, ಪೆಟ್ರೋಲು ಸುಡುವ ಕಾರ್ಖಾನೆಗಳ ಕಾಲಕ್ಕೆ ಮುಂಚೆ ಸುಮಾರು 280 ಇತ್ತು. 2024ನೇ ಇಸವಿ ಆ ಹಳೇ ಕಾಲಕ್ಕಿಂತ ಸುಮಾರು 1.55 ಡಿಗ್ರಿ ಬೆಚ್ಚಗಿತ್ತು. ಒಂದೂವರೆ ಡಿಗ್ರಿ ಏನು ಮಹಾ ಅಂತ ತೀರ್ಪುಗಾರರು ಕೇಳಿದರೆ ಹೇಳು: 20 ಸಾವಿರ ವರ್ಷದ ಹಿಂದೆ ಈಗಿನ ಕೆನಡಾ ಹೆಚ್ಚುಕಮ್ಮಿ ಪೂರ್ತಿ ಹಿಮದಡಿ ಹೂತಿದ್ದಾಗ ಭೂಮಿಯ ಸರಾಸರಿ ಬಿಸಿ ಇಳಿದಿದ್ದುದು ಬರೀ ಆರು ಡಿಗ್ರಿಯಷ್ಟು.

ಮನೆಯಲ್ಲೇ ಒಂದು ಲೆಕ್ಕ ಮಾಡು. ಗ್ಯಾಸ್ ಸಿಲಿಂಡರಿನಲ್ಲಿ 14.2 ಕಿಲೋ ಗ್ಯಾಸ್ ಇರುತ್ತದೆ. ಅದು ಉರಿದು ಮುಗಿಯುವಾಗ 42 ಕಿಲೋದಷ್ಟು ಕಾರ್ಬನ್ ಡೈಆಕ್ಸೈಡ್ ಆಗಿರುತ್ತದೆ. 14 ಹೋಗಿ 42 ಆಗಿದ್ದು ಹೇಗೆ? ಗಾಳಿಯ ಆಮ್ಲಜನಕ ಸೇರಿಕೊಂಡಿತಲ್ಲ.

ಪ್ರಶ್ನೆ: ನಮ್ಮ ಭಾಗಕ್ಕೆ ಶರಾವತಿ, ವಾರಾಹಿಯ ಕರೆಂಟು. ನೀರಿನಿಂದ ಆಗಿದ್ದು, ಹೊಗೆ ಇಲ್ಲ. ನಾವು ಉಳಿಸಿದರೆ ಭೂಮಿಗೆ ಏನು ಲಾಭ? ಉಳಿಸುವುದಿದ್ದರೆ ರಾಯಚೂರಿನವರು ಉಳಿಸಲಿ. — ಅಡಿಕೆ ಬೆಳೆಗಾರ, ತೀರ್ಥಹಳ್ಳಿ

ಉತ್ತರ: ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೂ ಇದೇ ಜಂಬ ಇತ್ತು ಭಟ್ರೇ, ಗೌಡ್ರೇ, ಯಾರೋ ಗೊತ್ತಿಲ್ಲ, ಹೆಸರು ಬರೆದಿಲ್ಲ ನೀವು. ಜೋಗದ ವಿದ್ಯುದಾಗಾರ 1948ರಿಂದ ನಡೆಯುತ್ತಿದೆ. ಲಿಂಗನಮಕ್ಕಿ ಅಣೆಕಟ್ಟು 1964ರದ್ದು. ಅದರ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರ ಒಂದೇ 1035 ಮೆಗಾವಾಟ್. ಆದರೆ ಕರೆಂಟಿಗೆ ತಾಲೂಕಿನ ಗಡಿ ಇಲ್ಲ. ಊರ ಕೆರೆಗೆ ನಾಲ್ಕು ಹಳ್ಳ ಸೇರುತ್ತವೆ. ತೂಬಿನಲ್ಲಿ ನಿಮ್ಮ ಗದ್ದೆಗೆ ಬಂದ ನೀರು ಯಾವ ಹಳ್ಳದ್ದು ಅಂತ ಬೆರಳಿಟ್ಟು ತೋರಿಸುತ್ತೀರಾ? ಗ್ರಿಡ್ ಅಂದರೆ ಆ ಕೆರೆ. ಕಲ್ಲಿದ್ದಲು ಸುಡುವ ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡತಿನಿ, ಕೈಗಾದ ಅಣು ಸ್ಥಾವರ, ಪಾವಗಡದ ಸೋಲಾರ್, ಜೋಗ, ಎಲ್ಲವೂ ಅದಕ್ಕೇ ಬಂದು ಬೀಳುತ್ತವೆ. ದೇಶದ ಒಟ್ಟು ಲೆಕ್ಕದಲ್ಲಿ ಒಂದು ಯೂನಿಟ್ ಹಿಂದೆ ಸುಮಾರು 700 ಗ್ರಾಂ ಕಾರ್ಬನ್ ಡೈಆಕ್ಸೈಡ್ ಇದೆ.

ನೀರಿಗೆ ಒಂದು ದೊಡ್ಡ ಗುಣ ಇದೆ. ಬೇಕಾಗುವವರೆಗೆ ಅಣೆಕಟ್ಟಿನಲ್ಲಿ ಕಾದು ಕೂರುತ್ತದೆ. ಪಾವಗಡದ 2050 ಮೆಗಾವಾಟ್ ಮಧ್ಯಾಹ್ನ ಇರುತ್ತದೆ, ಸಂಜೆ ಏಳಕ್ಕೆ ಸೊನ್ನೆ. ಆಗ ಎಲ್ಲರ ಮನೆಯಲ್ಲೂ ಟಿವಿ, ಮಿಕ್ಸಿ, ಮೋಟರು. ಆ ಹೊತ್ತಿಗೆ ಬೇಕಾಗುವುದು ಲಿಂಗನಮಕ್ಕಿಯ ನೀರು ಮತ್ತು ಶಕ್ತಿನಗರದ ಕಲ್ಲಿದ್ದಲು. ನೀರು ಎಷ್ಟು ಉಳಿದಿರುತ್ತದೋ ಅಷ್ಟು ಕಲ್ಲಿದ್ದಲು ಕಡಿಮೆ ಸುಡುತ್ತದೆ. ಹಾಗಾಗಿ ತೀರ್ಥಹಳ್ಳಿಯಲ್ಲಿ ಉಳಿಸಿದ ಯೂನಿಟ್ ಹೊಗೆ ನಿಲ್ಲಿಸುವುದು ರಾಯಚೂರಿನಲ್ಲಿ. ಟ್ಯಾಂಕಿಗೆ ನೀರೆತ್ತುವ ಮೋಟರು, ವಾಷಿಂಗ್ ಮಷೀನು, ಇವೆರಡನ್ನು ಸಂಜೆಯಿಂದ ಮಧ್ಯಾಹ್ನಕ್ಕೆ ತಳ್ಳಿ. ಬಿಲ್ಲಿನಲ್ಲಿ ಒಂದು ಪೈಸೆ ಕಮ್ಮಿ ಆಗಲ್ಲ, ಅದನ್ನೂ ಹೇಳಿಬಿಡುತ್ತೇನೆ.

2023 ನೆನಪಿರಬೇಕು. 236 ತಾಲೂಕಿನಲ್ಲಿ 223 ಬರ ಅಂತ ಘೋಷಣೆ ಆಯಿತು. ಮಳೆ ಇಲ್ಲ ಅಂತ ಎಲ್ಲರೂ ಪಂಪ್‌ಸೆಟ್ ಹಾಕಿದರು, ಅದೇ ಮಳೆ ಇಲ್ಲ ಅಂತ ಅಣೆಕಟ್ಟಿನಲ್ಲೂ ನೀರಿಲ್ಲ. ಅಕ್ಟೋಬರಿನಲ್ಲಿ ಕರೆಂಟಿಗೆ ಹಾಹಾಕಾರ. ಹೊಗೆ ಇಲ್ಲದ ಕರೆಂಟೂ ಮಳೆಯನ್ನೇ ನಂಬಿದೆ. ಇನ್ನು ಲಾಭದ ಮಾತು ಬಂತಲ್ಲ. ಇದೇ ಅಣೆಕಟ್ಟಿಗೆ ಮನೆ, ಗದ್ದೆ ಬಿಟ್ಟುಕೊಟ್ಟ ಹಿನ್ನೀರಿನ ಜನ ಎಷ್ಟೋ ವರ್ಷ ಚಿಮಣಿ ಬುಡ್ಡಿಯಲ್ಲೇ ಇದ್ದರು. ಅವರ ಮನೆಗೆ ಲೈನ್ ಎಳೆಯಲು ಹೋದಾಗ ಒಬ್ಬ ಅಜ್ಜ ಕಂಬ ಮುಟ್ಟಿ ನೋಡಿ, "ಬಂತಾ ನಮ್ಮ ನೀರು?" ಅಂದಿದ್ದ.

ಪ್ರಶ್ನೆ: ಸರ, ಮನೀ ಬಾಗಲಿಗೆ ಬಂದು ಒಬ್ಬಾಂವ 'ಪವರ್ ಸೇವರ್' ಅಂತ ಒಂದ ಡಬ್ಬಿ ಕೊಟ್ಟು 1,200 ರೂಪಾಯಿ ತಗೊಂಡು ಹೋದ. ಪ್ಲಗ್ಗಿಗೆ ಹಾಕಿದ್ರ ಬಿಲ್ಲು ಅರ್ಧ ಆಗ್ತದಂತ. ಎರಡು ತಿಂಗಳಾತು, ಏನೂ ಆಗಿಲ್ಲ. ಇನ್ನೂ ಕಾಯಬೇಕೇನ್ರಿ? — ನಿವೃತ್ತ ಗುಮಾಸ್ತ, ಹುಬ್ಬಳ್ಳಿ

ಉತ್ತರ: ಕಾಯಬ್ಯಾಡ್ರಿ. ಅಂಥದ್ದೊಂದನ್ನು ಬಿಚ್ಚಿ ನೋಡಿದ್ದೇನೆ. ಒಳಗೆ ಒಂದು ಕೆಪಾಸಿಟರ್, ಹೊರಗೆ ಕಾಣುವ ಹಸಿರು ದೀಪ, ಅಷ್ಟೇ. ಕಾರ್ಖಾನೆಗಳಲ್ಲಿ ಕೆಪಾಸಿಟರಿಗೆ ಕೆಲಸ ಇದೆ. ಮನೆ ಮೀಟರು ಎಣಿಸುವ ಯೂನಿಟ್ ಅದರಿಂದ ಕಡಿಮೆ ಆಗುವುದಿಲ್ಲ. ಹಸಿರು ದೀಪ ಉರಿಯುವ ಖರ್ಚು ಮಾತ್ರ ನಿಮ್ಮ ಲೆಕ್ಕಕ್ಕೆ.

ಪ್ರಶ್ನೆ: ಬೆಂಗಳೂರಿನಲ್ಲಿ ಫ್ಯಾನು ಕೂಡ ಬೇಡ ಅಂತಿದ್ದ ಕಾಲ ಹೋಯ್ತು. ಮಗು ನಿದ್ದೆ ಮಾಡಲ್ಲ ಅಂತ ಎಸಿ ಹಾಕಿಸಿದ್ವಿ. ಅಪ್ಪ ಪರಿಸರ ಹಾಳು ಮಾಡ್ತೀರಿ ಅಂತ ದಿನಾ ಬೈತಾರೆ. ಎಸಿ ಹಾಕೋದು ಪಾಪಾನಾ ಸರ್? — ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: 2024ರ ಏಪ್ರಿಲ್ 28ರಂದು ನಿಮ್ಮೂರಿನಲ್ಲಿ 38.5 ಡಿಗ್ರಿ. ಅಂಥ ದಿನ ಮಗುವನ್ನು ಬೇಯಿಸಿ ಪುಣ್ಯ ಕಟ್ಟಿಕೊಳ್ಳುವುದು ಬೇಡ. ಅಪ್ಪನಿಗೆ ನನ್ನ ನಮಸ್ಕಾರ ತಿಳಿಸಿ. ರಿಮೋಟಿನಲ್ಲಿ 18 ಒತ್ತುವುದು ಮಾತ್ರ ಬಿಡಿ. 18 ಇಟ್ಟರೆ ಬೇಗ ತಂಪಾಗುತ್ತದೆ ಅನ್ನುವುದು ಸುಳ್ಳು. ಒಂದೊಂದು ಡಿಗ್ರಿ ಏರಿಸಿದಂತೆ ಸುಮಾರು ನೂರಕ್ಕೆ ಆರರಷ್ಟು ಕರೆಂಟು ಉಳಿಯುತ್ತದೆ. 26ಕ್ಕೆ ಇಟ್ಟು ಮೇಲೆ ಫ್ಯಾನು ನಿಧಾನಕ್ಕೆ ಬಿಡಿ. ಪಶ್ಚಿಮದ ಕಿಟಕಿಗೆ ಹೊರಗಿನಿಂದ ಒಂದು ಬಿದಿರಿನ ತಟ್ಟಿ ಕಟ್ಟಿ. ಒಳಗೆ ಪರದೆ ಹಾಕಿದರೆ ಬಿಸಿಲು ಆಗಲೇ ಮನೆಯೊಳಗೆ ಬಂದುಬಿಟ್ಟಿರುತ್ತದೆ.

ಯಾರೂ ಹೇಳದ ಇನ್ನೊಂದು ವಿಷಯ ಇದೆ. ಈಗಿನ ಎಸಿಗಳಲ್ಲಿ ಆರ್-32 ಎಂಬ ಗ್ಯಾಸ್ ಜಾಸ್ತಿ ಬಳಕೆಯಲ್ಲಿದೆ. ಅದರ ಒಂದು ಕಿಲೋ ಗಾಳಿಗೆ ಹೋದರೆ 675 ಕಿಲೋ ಕಾರ್ಬನ್ ಡೈಆಕ್ಸೈಡಿಗೆ ಸಮ. ಯೂನಿಟ್ಟಿಗೆ 700 ಗ್ರಾಂ ಅನ್ನುವ ನಮ್ಮ ಲೆಕ್ಕದಲ್ಲಿ ಹತ್ತಿರಹತ್ತಿರ 960 ಯೂನಿಟ್ ಕರೆಂಟು. ಮನೆ ಬದಲಾಯಿಸುವಾಗ ಎಸಿ ಬಿಚ್ಚುವ ಹುಡುಗ ಪೈಪ್ ಸಡಿಲಿಸಿ ಬುಸ್ ಅಂತ ಬಿಟ್ಟುಬಿಡುತ್ತಾನೆ. ನಿಮ್ಮ ಇಡೀ ವರ್ಷದ ಉಳಿತಾಯ ಆ ಒಂದು ಬುಸ್‌ನಲ್ಲಿ ಹೋಯಿತು. ಗ್ಯಾಸನ್ನು ಹೊರಗಿನ ಯೂನಿಟ್ಟಿಗೆ ಎಳೆದು ಮುಚ್ಚಿ ಆಮೇಲೆ ಬಿಚ್ಚಪ್ಪಾ ಅಂತ ನಿಂತು ಮಾಡಿಸಿ. ಕೆಲಸ ಬಲ್ಲವರಿಗೆ ಗೊತ್ತಿರುತ್ತದೆ.

ಪ್ರಶ್ನೆ: ಮೊದಲು ಮಾರ್ಚ್‌ನಲ್ಲಿ ಹೂ ಮಳೆ ಬರುತ್ತಿತ್ತು, ಕಾಫಿ ಹೂ ಬಿಡುತ್ತಿತ್ತು. ಈಗ ಮಳೆ ಯಾವಾಗ ಬರುತ್ತದೋ ಅದಕ್ಕೇ ಗೊತ್ತಿಲ್ಲ. ಬಂದರೆ ಒಂದೇ ದಿನ ತಿಂಗಳಿನದ್ದು ಸುರಿಯುತ್ತದೆ. ಇದೂ ತಾಪಮಾನದ್ದೇ ಕಾಟವಾ? — ಕಾಫಿ ಬೆಳೆಗಾರ, ಮೂಡಿಗೆರೆ

ಉತ್ತರ: ಗಾಳಿ ಒಂದು ಡಿಗ್ರಿ ಬಿಸಿಯಾದರೆ ನೂರಕ್ಕೆ ಏಳರಷ್ಟು ಹೆಚ್ಚು ನೀರಾವಿ ಹಿಡಿದುಕೊಳ್ಳಬಲ್ಲದು. ದೊಡ್ಡ ಕೊಡ ಅಂದುಕೊಳ್ಳಿ. ತುಂಬಲು ಜಾಸ್ತಿ ದಿನ, ಮಗುಚಿದರೆ ಜಾಸ್ತಿ ನೀರು. ಹಾಗಾಗಿ ಬಿಡುವೂ ಉದ್ದ, ಸುರಿತವೂ ಜೋರು. ನಿಮ್ಮ ತೋಟದ ಮೇಲೆ ಹೋದ ಮಂಗಳವಾರ ಬಿದ್ದ ಮಳೆ ಇದರದ್ದೇ ಅಂತ ನಾನು ಹೇಳಲಾರೆ. ಹಾಗೆ ಹೇಳುವವರನ್ನು ನಂಬಲೂಬೇಡಿ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗಲೂ ಮಳೆಯ ಜೊತೆಗೆ ಇಳಿಜಾರು ಕಡಿದು ರಸ್ತೆ, ಮನೆ ಮಾಡಿದವರ ಪಾಲೂ ಇತ್ತು. ಎಲ್ಲದಕ್ಕೂ ಆಕಾಶದ ಕಡೆ ಕೈ ತೋರಿಸಿದರೆ ಜೆಸಿಬಿಯವನು ಬಚಾವಾಗುತ್ತಾನೆ.

ಪ್ರಶ್ನೆ: ಭತ್ತದ ಗದ್ದೆಯಿಂದಲೂ ಭೂಮಿ ಬಿಸಿ ಆಗುತ್ತದೆ ಅಂತಾರೆ. ಅನ್ನ ಬೆಳೆಯೋದೂ ತಪ್ಪಾ? — ರೈತ, ಗಂಗಾವತಿ

ಉತ್ತರ: ಅನ್ನ ತಪ್ಪಲ್ಲ ಗೌಡ್ರೇ. ನೀರು ನಿಂತ ಕೆಸರಿನಲ್ಲಿ ಗಾಳಿಯಾಡದೆ ಮೀಥೇನ್ ಹುಟ್ಟುತ್ತದೆ. ಕಾಲಿಟ್ಟಾಗ ಬುಳುಬುಳು ಅಂತ ಗುಳ್ಳೆ ಏಳುತ್ತದಲ್ಲ, ಅದರಲ್ಲಿ ಇದೂ ಇರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡಿಗಿಂತ 28 ಪಟ್ಟು ಬಿಸಿ ಹಿಡಿಯುತ್ತದೆ. ಪೂರ್ತಿ ಕಾಲ ನೀರು ನಿಲ್ಲಿಸದೆ, ನಡುನಡುವೆ ಗದ್ದೆ ಆರಲು ಬಿಟ್ಟು ಮತ್ತೆ ಕಟ್ಟಿದರೆ ಇದು ತುಂಬಾ ಕಡಿಮೆಯಾಗುತ್ತದೆ, ನೀರೂ ಉಳಿಯುತ್ತದೆ. ಹೂ ಕಟ್ಟುವ ಹೊತ್ತಿನಲ್ಲಿ ಮಾತ್ರ ಒಣಗಿಸಬೇಡಿ. ಕಾಲುವೆಯ ಸರದಿ ನಿಮ್ಮ ಕೈಯಲ್ಲಿಲ್ಲ ಅಂತ ಗೊತ್ತು. ಸಾಧ್ಯವಾದಷ್ಟು ನೋಡಿ.

ಪ್ರಶ್ನೆ: ತಮ್ಮಾ, ನನಗೆ 78. ನಮ್ಮದು ಇನ್ನೂ ಬಚ್ಚಲ ಹಂಡೆ, ಒಲೆ. ಮಗ ಸೋಲಾರ್ ಹಾಕಿಸುವಾ ಅಂತಾನೆ. ಮಳೆಗಾಲದಲ್ಲಿ ಅದು ಬರೀ ಮಾಡಿನ ಮೇಲಿನ ಶೃಂಗಾರ. ಹಂಡೆ ತೆಗೆಸಲೋ ಬೇಡವೋ? — ಅಜ್ಜಿ, ಶಿರಸಿ ತಾಲೂಕು

ಉತ್ತರ: ಅಕ್ಕಾ, ಹಂಡೆ ತೆಗೆಸಬೇಡಿ. ಮಗನ ಮಾತನ್ನೂ ತೆಗೆಯಬೇಡಿ. ದೀಪಾವಳಿಯಿಂದ ಮೇ ಕೊನೆಯವರೆಗೆ ಸೋಲಾರ್ ನೀರು ಸುಡುಸುಡು ಬರುತ್ತದೆ. ಆಷಾಢ, ಶ್ರಾವಣಕ್ಕೆ ಹಂಡೆ ಇರಲಿ. ನನ್ನ ಮನೆಯಲ್ಲೂ ಹೀಗೇ ನಡೆಯುತ್ತಿದೆ. ಗೀಸರ್ ಇದೆ, ನೆಂಟರು ಬಂದಾಗ ಮಾತ್ರ. ಒಂದು ಬಕೆಟ್ ನೀರು ಕಾಯಿಸಲು ಅದಕ್ಕೆ ಹೆಚ್ಚುಕಮ್ಮಿ ಅರ್ಧ ಯೂನಿಟ್ ಬೇಕು. ಬಲ್ಬು ಎರಡು ದಿನ ಎರಡು ರಾತ್ರಿ ಉರಿಯುವಷ್ಟು.

ಒಲೆಗೆ ಏನು ಹಾಕುತ್ತೀರಿ ಅನ್ನುವುದರ ಮೇಲೆ ಲೆಕ್ಕ. ಒಣಗಿದ ಸೋಗೆ, ತೆಂಗಿನ ಗರಿ, ಕಾಯಿ ಚಿಪ್ಪು ಸುಟ್ಟರೆ ಮರ ಈಚೆಗೆ ಗಾಳಿಯಿಂದ ತಗೊಂಡದ್ದನ್ನು ಗಾಳಿಗೇ ವಾಪಸ್ ಕೊಟ್ಟಂತೆ. ಮುಂದಿನ ವರ್ಷದ ಸೋಗೆ ಮತ್ತೆ ತಗೊಳ್ಳುತ್ತದೆ. ಕಲ್ಲಿದ್ದಲು ಹಾಗಲ್ಲ, ಕೋಟ್ಯಂತರ ವರ್ಷ ನೆಲದಡಿ ಹೂತಿದ್ದನ್ನು ಎಬ್ಬಿಸಿದ್ದು. ಆದರೆ ಬೆಟ್ಟದ ದೊಡ್ಡ ಮರ ಕಡಿದು ಸೌದೆ ಮಾಡಿದರೆ ನಿಮ್ಮ ಒಲೆಗೂ ರಿಯಾಯಿತಿ ಇಲ್ಲ.

ನಾನು ಹೇಳುವುದು ಇನ್ನೊಂದೇ. ಬಚ್ಚಲಿನ ಹೊಗೆ ನಿಮ್ಮ ಎದೆಗೆ ಹೋಗುತ್ತಿದೆ. ಒಲೆಗೆ ಒಂದು ಹೊಗೆಗೂಡು ಕಟ್ಟಿಸಿ. ಸೋಲಾರ್ ಹಾಕುವವರು ಬಂದಾಗ ಪೈಪನ್ನು ಬಚ್ಚಲಿಗೆ ಹತ್ತಿರದ ದಾರಿಯಲ್ಲಿ ತರಲು ಹೇಳಿ, ಮೇಲೆ ಬೆಚ್ಚಗಿನ ಹೊದಿಕೆ ಸುತ್ತಿಸಿ. ನಮ್ಮನೆಯಲ್ಲಿ ಅಂದ ಕೆಡುತ್ತದೆ ಅಂತ ಪೈಪನ್ನು ಹಿತ್ತಲಿಗೆ ಸುತ್ತು ಹಾಕಿಸಿದೆ. ಈಗ ಬಿಸಿ ನೀರು ಬರುವ ಮುಂಚೆ ದಿನಾ ಒಂದೂವರೆ ಬಕೆಟ್ ತಣ್ಣೀರು ಬರುತ್ತದೆ. ಅದನ್ನು ನನ್ನಾಕೆ ಮಲ್ಲಿಗೆ ಬಳ್ಳಿಗೆ ಹಾಕಿ ಹಾಕಿ, ಅದರ ಬುಡ ಕೊಳೆಯುವ ಹಾಗಾಗಿದೆ.